ಯಮಾತಾರಾಜಭಾನದಿಂದ ಕೋನಪ್ಪನ ಅಗ್ರಹಾರಕ್ಕೆ

ಹೈಸ್ಕೂಲಿನಲ್ಲಿ ಕನ್ನಡ ಪಂಡಿತರ ಕೈಕೆಳಗೆ ಛಂದಸ್ಸನ್ನು ಕಲಿತವರು 'ಯಮಾತಾರಾಜಭಾನಸಲಗಂ' ಎಂಬ ಹತ್ತು ಅಕ್ಷರಗಳನ್ನು ಮರೆತಿರಲಾರರು. ಉತ್ಪಲಮಾಲೆಗೂ ಚಂಪಕಮಾಲೆಗೂ ಇರುವ ಭೇದ ಮರೆತುಹೋಗಿರಬಹುದು. ಪ್ರಸ್ತಾರ ಹಾಕುವಾಗ ತಿಂದ ಏಟುಗಳೂ ಮರೆತಿರಬಹುದು. ಈ ಹತ್ತಕ್ಷರ ಮಾತ್ರ ನಾಲಗೆಯ ತುದಿಯಲ್ಲಿ ನಿಂತಿರುತ್ತದೆ. ಅರ್ಥವಿಲ್ಲದ ಮಾತು; ಅರ್ಥವಿಲ್ಲದ್ದರಿಂದಲೇ ನಿಂತಿತೋ ಏನೋ. ಯಗಣದ ಲಕ್ಷಣ ಬೇಕೆ? 'ಯ' ಎಂಬಲ್ಲಿಂದ ಮೂರು ಅಕ್ಷರ ಓದಿ: ಯ-ಮಾ-ತಾ, ಒಂದು ಲಘು ಎರಡು ಗುರು. ಮಗಣ ಬೇಕೆ? ಮಾ-ತಾ-ರಾ, ಮೂರೂ ಗುರು. ಹೀಗೆ ಒಂದೊಂದು ಅಕ್ಷರ ಮುಂದೆ ಸರಿಯುತ್ತ ಹೋದರೆ ಎಂಟು ಗಣಗಳೂ ಬಂದುಬಿಡುತ್ತವೆ. ಲಘುವನ್ನು 'ಲ' ಎಂದೂ ಗುರುವನ್ನು 'ಗ' ಎಂದೂ ಬರೆದುಕೊಂಡರೆ ಆ ಸೂತ್ರದ ರೂಪ ಲಗಗಗಲಗಲಲಲಗ. ಎಂಟು ಗಣಗಳನ್ನು ಬಿಡಿಬಿಡಿಯಾಗಿ ಬರೆದರೆ ಇಪ್ಪತ್ತನಾಲ್ಕು ಅಕ್ಷರಗಳು ಬೇಕು. ಇಲ್ಲಿ ಹತ್ತರಲ್ಲೇ ಕೆಲಸ ಮುಗಿದಿದೆ, ಮತ್ತು ಒಂದು ಗಣವೂ ಎರಡನೆಯ ಸಲ ಬಂದಿಲ್ಲ.

ಈ ಪುನರಾವೃತ್ತಿಯಿಲ್ಲದ ಪದವು ಈಚೆಗೆ ಗಣಿತಜ್ಞರ ಸಭೆಯಲ್ಲೂ ಮರ್ಯಾದೆ ಪಡೆದಿದೆ. ಅದರ ಜೊತೆಗೇ ನಮ್ಮಲ್ಲಿ ಒಂದು ಬಗೆಯ ಹೆಮ್ಮೆಯ ಮಾತೂ ಹುಟ್ಟಿಕೊಂಡಿದೆ: 'ಇದು ಪಿಂಗಲನದು, ಅಲ್ಲ ಪಾಣಿನಿಯದು, ಪಾಶ್ಚಾತ್ಯರು ಎರಡು ಸಾವಿರ ವರ್ಷಗಳ ಮೇಲೆ ಕಂಡುದನ್ನು ನಮ್ಮವರು ಆಗಲೇ ಕಂಡಿದ್ದರು' ಎಂದು. ಈ ಮಾತನ್ನು ಹಾಗೆಯೇ ಒಪ್ಪಲು ನನಗೆ ಸಂಕೋಚ. ಗಣಗಳು ಪಿಂಗಲನವು, ನಿಜ. ಆದರೆ ಅವನ ಸೂತ್ರಗಳಲ್ಲಿ ಈ ಹತ್ತಕ್ಷರ ಇಲ್ಲ. ಪಾಣಿನಿಯಂತೂ ಬರೆದುದು ವ್ಯಾಕರಣ. ವಿದ್ವಾಂಸರು ಸಾಮಾನ್ಯವಾಗಿ ತೋರಿಸುವ ಹಳೆಯ ಮುದ್ರಿತ ಆಧಾರವೆಂದರೆ, ತೆಲುಗು ನಾಡಿನಲ್ಲಿ ಹೆಸರು ಮಾಡಿದ ಚಾರ್ಲ್ಸ್ ಫಿಲಿಪ್ ಬ್ರೌನ್ ೧೮೬೯ರಲ್ಲಿ ಸಂಸ್ಕೃತ ಛಂದಸ್ಸನ್ನು ಕುರಿತು ಪ್ರಕಟಿಸಿದ ಪುಸ್ತಕ. ಇದು ಪಾಣಿನಿಯದೆಂದು ಹೇಳಿದವನೂ ಅವನೇ. ಯಾರೋ ಪಂಡಿತರು ಹೇಳಿದ್ದನ್ನು ದೊರೆ ಬರೆದುಕೊಂಡಿರಬೇಕು. ಪುರಾತನವಾದುದಕ್ಕೆಲ್ಲ ಯಾವುದಾದರೊಂದು ಋಷಿಯ ಹೆಸರನ್ನು ಕಟ್ಟುವುದು ನಮ್ಮ ಹಳೆಯ ಚಾಳಿ. ಸೂತ್ರ ಜಾಣತನದ್ದು, ಅದನ್ನು ಕಟ್ಟಿದವನು ಅನಾಮಧೇಯ. ಇಷ್ಟನ್ನು ಹೇಳಿದರೆ ನಮ್ಮ ಗೌರವಕ್ಕೆ ಕುಂದೇನೂ ಬಾರದು.

ಬೇರೆಯವರ ನಡತೆ ಹೇಗಿತ್ತು ನೋಡಿ. ಇಂಥ ಪದಗಳಿಗೆ ಇಂದು ಡಚ್ ಗಣಿತಜ್ಞ ಡೆ ಬ್ರೂಯಿನನ ಹೆಸರು ಅಂಟಿದೆ. ಅವನು ೧೯೪೬ರಲ್ಲಿ ಎಣಿಕೆ ಮಾಡಿ ತೋರಿಸಿದ: ಎರಡು ಚಿಹ್ನೆಗಳಿಂದಾಗುವ ಮೂರಕ್ಷರದ ಗಣಗಳನ್ನೆಲ್ಲ ಒಂದೊಂದು ಸಲ ಮಾತ್ರ ತರುವ, ಬಳೆಯಂತೆ ಸುತ್ತಿ ಬರುವ ಪದಗಳು ಎರಡೇ ಎರಡು, ನಾಲ್ಕಕ್ಷರದ ಗಣಗಳಿಗಾದರೆ ಹದಿನಾರು, ಐದಕ್ಷರದವಕ್ಕೆ ೨,೦೪೮. ಇದೇ ಎಣಿಕೆಯನ್ನು ಫ್ಲೈ ಸೇಂತ್ ಮರಿ ಎಂಬ ಫ್ರೆಂಚನು ೧೮೯೪ರಲ್ಲೇ ಮಾಡಿದ್ದನೆಂಬುದು ಆಮೇಲೆ ಬೆಳಕಿಗೆ ಬಂತು. ಡೆ ಬ್ರೂಯಿನನು ೧೯೭೫ರಲ್ಲಿ, ಮೊದಲಿಗತನ ಅವನದು ಎಂದು ತಾನೇ ಲೇಖನ ಬರೆದು ಸಾರಿದ. ಆದರೂ ಪದ್ಧತಿಗೆ ಅವನ ಹೆಸರೇ ಉಳಿದುಕೊಂಡಿತು; ಲೋಕದ ರೀತಿ ಹಾಗೆ.

ಈ ಪದ ಕಟ್ಟುವ ಉಪಾಯವೂ ಸೊಗಸಾಗಿದೆ. ಲಲ, ಲಗ, ಗಲ, ಗಗ ಎಂದು ನಾಲ್ಕು ಊರುಗಳಿವೆಯೆನ್ನಿ. ಮೂರಕ್ಷರದ ಪ್ರತಿ ಗಣವೂ ತನ್ನ ಮೊದಲೆರಡು ಅಕ್ಷರಗಳ ಊರಿನಿಂದ ಕಡೆಯ ಎರಡು ಅಕ್ಷರಗಳ ಊರಿಗೆ ಹಾಕಿದ ಒಂದು ಸೇತುವೆ. ಯಗಣವು ಲಗದಿಂದ ಗಗಕ್ಕೆ ಹೋಗುತ್ತದೆ. ಮಗಣವು ಗಗದಿಂದ ಹೊರಟು ಗಗಕ್ಕೇ ಬಂದು ಸೇರುತ್ತದೆ. ಎಂಟು ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಬರುವುದೇ ಯಮಾತಾರಾಜದ ಯಾತ್ರೆ. ಆಯ್ಲರನು ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ವಿಷಯದಲ್ಲಿ ೧೭೩೬ರಲ್ಲಿ ಎತ್ತಿಕೊಂಡ ಪ್ರಶ್ನೆ ಇದೇ ಜಾತಿಯದು. ಅಲ್ಲಿ ಹಾಗೆ ದಾಟಲು ಬರುವುದಿಲ್ಲ, ಇಲ್ಲಿ ಬರುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ಎಣಿಕೆಯ ಹುಚ್ಚು ಕನ್ನಡನಾಡಿಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಅವನು ಸಾಮಾನ್ಯ ನಿಯಮವನ್ನೇ ಕೊಟ್ಟಿದ್ದಾನೆ; ಉದಾಹರಣೆಗೆ ಎತ್ತಿಕೊಂಡದ್ದು ಆರು ರಸಗಳ ಬೆರಕೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರುಗಳಿಂದ ಅರವತ್ತಮೂರು ರುಚಿಗಳು. ಅಡಿಗೆಮನೆಯಿಂದ ಗಣಿತ ಹುಟ್ಟುವುದು ಹೀಗೆ! ಸುಮಾರು ೯೯೦ರ ನಾಗವರ್ಮನು 'ಛಂದೋಂಬುಧಿ'ಯನ್ನು ಕನ್ನಡದಲ್ಲೇ ರಚಿಸಿದ. ಅದನ್ನು ಕಿಟೆಲರು ೧೮೭೫ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅವನಿಗೆ ಹತ್ತಿರದ ಕಾಲದವನಾದ ಜಯಕೀರ್ತಿಯು ಸಂಸ್ಕೃತದಲ್ಲಿ ಬರೆದರೂ ಕನ್ನಡದ ಜಾತಿಗಳನ್ನು ಬಿಡಲಿಲ್ಲ; ಅವನ 'ಛಂದೋನುಶಾಸನ' ವೇಲಣಕರರ 'ಜಯದಾಮನ್' ಸಂಪುಟದಲ್ಲಿ ೧೯೪೯ರಲ್ಲಷ್ಟೆ ಬೆಳಕು ಕಂಡಿತು.

ಈ ಶಾಸ್ತ್ರದಲ್ಲಿ ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಆರು ಪ್ರತ್ಯಯಗಳಿವೆ. ನಷ್ಟವೆಂದರೆ ಸಾಲಿನ ಸಂಖ್ಯೆ ಹೇಳಿದರೆ ಅಲ್ಲಿರುವ ರೂಪವನ್ನು ಹೇಳುವುದು. ಮೂರಕ್ಷರದ ಪ್ರಸ್ತಾರದಲ್ಲಿ ಆರನೆಯದು ಯಾವುದು? ಆರು ಸಮಸಂಖ್ಯೆ: ಲಘು ಬರೆದು ಅರ್ಧ ಮಾಡಿ, ಮೂರಾಯಿತು. ಮೂರು ಬೆಸ: ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡಿ, ಎರಡಾಯಿತು. ಎರಡು ಸಮ: ಲಘು. ಲಗಲ, ಜಗಣ. ಮ ಯ ರ ಸ ತ ಜ ಎಂದು ಬೆರಳೆಣಿಸಿ ನೋಡಿ, ಆರನೆಯದು ಜಗಣವೇ. ಸಂಖ್ಯೆಯನ್ನು ಎರಡೇ ಚಿಹ್ನೆಗಳಲ್ಲಿ ಬರೆಯುವ ಕಂಪ್ಯೂಟರಿನ ಒಳಗಣ ಬರವಣಿಗೆಗೂ ಇದಕ್ಕೂ ಹೆಚ್ಚು ದೂರವಿಲ್ಲ. ಇಲ್ಲಿ ಹೆಮ್ಮೆಪಡುವುದಕ್ಕೆ ಗಟ್ಟಿಯಾದ ಆಧಾರವುಂಟು. ಪಾಣಿನಿಯನ್ನು ಎಳೆದು ತರಬೇಕಾಗಿಲ್ಲ.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದಿರುವುದು ಸಂಸ್ಕೃತದಿಂದ ಬಂದ ಅಕ್ಷರಗಣಗಳಲ್ಲ, ಕನ್ನಡದ್ದೇ ಆದ ಅಂಶಗಣಗಳು. ಬ್ರಹ್ಮನಿಗೆ ಎರಡು ಅಂಶ, ವಿಷ್ಣುವಿಗೆ ಮೂರು, ರುದ್ರನಿಗೆ ನಾಲ್ಕು. ಗಣದ ಮೊದಲಿನ ಅಂಶವು ಒಂದು ಗುರು ಇಲ್ಲವೆ ಎರಡು ಲಘು. ಮುಂದಿನ ಅಂಶಗಳು ಒಂದು ಗುರು ಇಲ್ಲವೆ ಒಂದು ಲಘು. ಹೀಗೆ ಬ್ರಹ್ಮಗಣಕ್ಕೆ ನಾಲ್ಕು ರೂಪಗಳು: ಗಗ, ಗಲ, ಲಲಗ, ಲಲಲ. ವಿಷ್ಣುವಿಗೆ ಎಂಟು, ರುದ್ರನಿಗೆ ಹದಿನಾರು. ಈ ಪಟ್ಟಿಯನ್ನು ಎಷ್ಟೋ ಸಲ ಗಿಳಿಪಾಠದಂತೆ ಒಪ್ಪಿಸಿದವರೂ ಗಮನಿಸದ ಒಂದು ಗುಣ ಇದರಲ್ಲಿದೆ. ನಾಲ್ಕು ಬ್ರಹ್ಮರೂಪಗಳಲ್ಲಿ ಯಾವುದೂ ಇನ್ನೊಂದರ ಆರಂಭವಾಗಿಲ್ಲ. ಆದ್ದರಿಂದ ಬ್ರಹ್ಮಗಣಗಳನ್ನೇ ಎಷ್ಟು ಉದ್ದಕ್ಕಾದರೂ, ನಡುವೆ ಗೆರೆಯೆಳೆಯದೆ ಬರೆದರೂ, ಓದುವವನು ಎಲ್ಲಿ ಒಡೆಯಬೇಕೆಂದು ತಡವರಿಸಬೇಕಾಗಿಲ್ಲ. ಒಡೆಯುವ ದಾರಿ ಒಂದೇ. ವಿಷ್ಣುಗಣಗಳೂ ರುದ್ರಗಣಗಳೂ ಹಾಗೆಯೇ. ಬ್ರಹ್ಮವನ್ನೂ ವಿಷ್ಣುವನ್ನೂ ಬೆರಸಿದರೆ ಮಾತ್ರ ತೊಡಕು. ಗಗಗಗಲ ಎಂಬುದನ್ನು ಗಗ-ಗಗಲ ಎಂದು ಬ್ರಹ್ಮ-ವಿಷ್ಣುವಾಗಿ ಒಡೆಯಬಹುದು. ಗಗಗ-ಗಲ ಎಂದು ವಿಷ್ಣು-ಬ್ರಹ್ಮವಾಗಿಯೂ ಒಡೆಯಬಹುದು. ಯಾವ ಸ್ಥಾನದಲ್ಲಿ ಯಾವ ದೇವರೆಂದು ಮೊದಲೇ ಗೊತ್ತಿದ್ದರೆ ಈ ಜಗಳವಿಲ್ಲ.

ತ್ರಿಪದಿಯಲ್ಲಿ ಅದು ಗೊತ್ತಾಗಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ೭೦೦ರಷ್ಟು ಹಿಂದೆಯೇ, ಕಾಣುವ ಛಂದಸ್ಸು ಅದು; ಸರ್ವಜ್ಞನದೂ ಅದೇ, ಬೀಸುವ ಕಲ್ಲಿನ ಮುಂದೆ ಕುಳಿತ ಗರತಿಯರದೂ ಅದೇ. ಒಟ್ಟು ಹನ್ನೊಂದು ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದ ಒಂಬತ್ತು ವಿಷ್ಣು. ಲಕ್ಷಣದ ಪ್ರಕಾರ ತ್ರಿಪದಿಗೆ ಒಟ್ಟು ಎಷ್ಟು ರೂಪಗಳಿರಬಹುದೆಂದು ಒಂದು ದಿನ ಲೆಕ್ಕ ಹಾಕಿದೆ. ಒಂಬತ್ತು ವಿಷ್ಣುಗಳಲ್ಲಿ ಇಪ್ಪತ್ತೇಳು ಅಂಶ, ಎರಡು ಬ್ರಹ್ಮಗಳಲ್ಲಿ ನಾಲ್ಕು, ಒಟ್ಟು ಮೂವತ್ತೊಂದು. ಪ್ರತಿ ಅಂಶಕ್ಕೂ ಎರಡು ದಾರಿ. ಎರಡನ್ನು ಮೂವತ್ತೊಂದು ಸಲ ಗುಣಿಸಿದರೆ ೨,೧೪,೭೪,೮೩,೬೪೮. ಇನ್ನೂರ ಹದಿನಾಲ್ಕು ಕೋಟಿಗೂ ಮೇಲೆ!

ಈ ಸಂಖ್ಯೆಯನ್ನು ಎಲೆಕ್ಟ್ರಾನಿಕ್ ಸಿಟಿಯ ಯಾವ ಪ್ರೋಗ್ರಾಮರ್ ಹುಡುಗಿಯ ಮುಂದೆ ಹೇಳಿದರೂ ತಟ್ಟನೆ ಗುರುತು ಹಿಡಿಯುತ್ತಾಳೆ. ಮೂವತ್ತೆರಡು ಬಿಟ್ಟುಗಳ ಸಂಖ್ಯೆಯಲ್ಲಿ ಒಂದನ್ನು ಋಣ-ಧನ ಚಿಹ್ನೆಗೆ ಬಿಟ್ಟರೆ ಉಳಿಯುವುದು ಮೂವತ್ತೊಂದು; ಸೊನ್ನೆಯಿಂದ ಮೊದಲು ಮಾಡಿ ಅದರಲ್ಲಿ ಎಣಿಸಬಹುದಾದದ್ದು ಸರಿಯಾಗಿ ಅಷ್ಟೇ. ಹಳೆಯ ಬಗೆಯ ಕಂಪ್ಯೂಟರ್ ಗಡಿಯಾರಗಳು ೧೯೭೦ರ ಜನವರಿ ೧ರಿಂದ ಸೆಕೆಂಡುಗಳನ್ನು ಹೀಗೆ ಎಣಿಸುತ್ತ ಬಂದು, ೨೦೩೮ರ ಜನವರಿ ೧೯ರಂದು ನಮ್ಮ ಬೆಳಗಿನ ೮ ಗಂಟೆ ೪೪ ನಿಮಿಷಕ್ಕೆ ಕೊನೆ ಮುಟ್ಟುತ್ತವೆ. ಆ ಹೊತ್ತಿಗೆ ಏನಾದೀತೆಂದು ಯಂತ್ರಜ್ಞರು ಬಹುಕಾಲದಿಂದ ತಲೆ ಕೆಡಿಸಿಕೊಂಡಿದ್ದಾರೆ. ಅದೇ ೧೯೭೦ರಿಂದ ಸೆಕೆಂಡಿಗೊಂದರಂತೆ ತ್ರಿಪದಿಯ ರೂಪಗಳನ್ನು ಪ್ರಸ್ತಾರ ಹಾಕುತ್ತ ಬಂದವನಿಗೂ ಕೊನೆಯ ರೂಪ ಸಿಗುವುದು ಆ ಗಳಿಗೆಯಲ್ಲೇ. ಇದು ಆಕಸ್ಮಿಕ, ಇದರಿಂದ ಸರ್ವಜ್ಞನಿಗೆ ಕಂಪ್ಯೂಟರ್ ಗೊತ್ತಿತ್ತೆಂದು ಯಾರೂ ಹೊರಡಬಾರದು. ಹಾಡುವವರು ಅಂಶವನ್ನು ದನಿಯಲ್ಲಿ ಎಳೆದು ಹಿಗ್ಗಿಸುತ್ತಾರೆ, ವಿಷ್ಣುವಿನ ಜಾಗದಲ್ಲಿ ಬ್ರಹ್ಮನನ್ನೂ ಕೂರಿಸುತ್ತಾರೆ. ಲಕ್ಷಣಕಾರನ ಲೆಕ್ಕ ಅವರನ್ನು ಕಟ್ಟಿಹಾಕುವುದಿಲ್ಲ. ಮುಂದೆ ಷಟ್ಪದಿಗಳು ಬಲಿತು, ಅಂಶದ ಬದಲು ಮಾತ್ರೆಯನ್ನೇ ಎಣಿಸುವ ಪದ್ಧತಿ ಗಟ್ಟಿಯಾದಾಗ ಈ ಎಳೆಯುವ ಸ್ವಾತಂತ್ರ್ಯ ಗ್ರಂಥಸ್ಥ ಕಾವ್ಯದಲ್ಲಿ ಬಹುಪಾಲು ಹೋಯಿತು. ನನಗೆ ಅದು ನಷ್ಟವೆಂದೇ ತೋರುತ್ತದೆ.

ನಮ್ಮ ಛಂದೋಗ್ರಂಥಕಾರರು ಎಣಿಸಿದ್ದೆಲ್ಲ ಕೊನೆಯುಳ್ಳದ್ದು, ಪದ್ಯಕ್ಕೆ ಪಾದಾಂತವಿರಲೇಬೇಕಷ್ಟೆ. ಕೊನೆಯೇ ಇಲ್ಲದ ಸಾಲನ್ನು ಬರೆಯುತ್ತ ಹೋದರೆ ಮರುಕಳಿಕೆಯನ್ನು ತಪ್ಪಿಸಬಹುದೆ, ಎಂಬ ಪ್ರಶ್ನೆಯನ್ನು ಕೇಳಿದವನು ನಾರ್ವೆ ದೇಶದ ಆಕ್ಸೆಲ್ ತೂಎ, ೧೯೦೬ರಲ್ಲಿ. ಇದರಿಂದ ಉಪಯೋಗವೇನೆಂಬ ಚಿಂತೆಯನ್ನು ಆತ ಹಚ್ಚಿಕೊಂಡವನಲ್ಲ.

ಕನ್ನಡ ವ್ಯಾಕರಣದಲ್ಲಿ ದ್ವಿರುಕ್ತಿ ಎನ್ನುತ್ತೇವಲ್ಲ, ಬೇಗಬೇಗ, ಮನೆಮನೆ, ಅದನ್ನೇ ಆಧಾರವಾಗಿಟ್ಟುಕೊಳ್ಳೋಣ. ಒಂದು ತುಣುಕು ತನ್ನ ಬೆನ್ನಿಗೇ ಮತ್ತೆ ಬಂದರೆ ದ್ವಿರುಕ್ತಿ. ಬರಿಯ ಲಘು-ಗುರುಗಳಿಂದ ದ್ವಿರುಕ್ತಿಯಿಲ್ಲದ ಸಾಲನ್ನು ಬರೆಯಲು ಹೊರಡಿ. ಲ ಎಂದ ಮೇಲೆ ಗ ಬರಬೇಕು, ಆಮೇಲೆ ಲ. ನಾಲ್ಕನೆಯದಕ್ಕೆ ಲ ಇಟ್ಟರೆ ಲಲ ಆಯಿತು. ಗ ಇಟ್ಟರೆ ಲಗಲಗ ಆಯಿತು. ಮೂರಕ್ಷರಕ್ಕೇ ದಾರಿ ಮುಗಿಯಿತು. ತೂಎ ಆಗ ಎರಡು ಕೆಲಸ ಮಾಡಿದ. ಮೊದಲನೆಯದು: ಲ ಇರುವಲ್ಲಿ ಲಗ, ಗ ಇರುವಲ್ಲಿ ಗಲ ಎಂದು ಬದಲಿಸುತ್ತ ಹೋಗುವುದು. ಲ, ಲಗ, ಲಗಗಲ, ಲಗಗಲಗಲಲಗ, ಲಗಗಲಗಲಲಗಗಲಲಗಲಗಗಲ, ಹೀಗೆ ಮುಗಿಯದೆ ಬೆಳೆಯುವ ಈ ಸಾಲಿನಲ್ಲಿ ದ್ವಿರುಕ್ತಿಯುಂಟು, ಆದರೆ ಯಾವ ತುಣುಕೂ ಒಂದರ ಬೆನ್ನಿಗೊಂದರಂತೆ ಮೂರು ಸಲ ಬರುವುದಿಲ್ಲ. ಎರಡನೆಯದು: ಆ ಸಾಲಿನಲ್ಲಿ ಒಂದು ಲಘುವಿಗೂ ಮುಂದಿನ ಲಘುವಿಗೂ ನಡುವೆ ಎಷ್ಟು ಗುರುಗಳಿವೆಯೆಂದು ಬರೆದುಕೊಳ್ಳುವುದು. ೨, ೧, ೦, ೨, ೦, ೧, ೨ ಎಂದು ಮೂರೇ ಅಂಕಿಗಳ ಸಾಲು ಬರುತ್ತದೆ. ಅದರಲ್ಲಿ ಎಷ್ಟು ದೂರ ಹೋದರೂ ದ್ವಿರುಕ್ತಿಯೇ ಇಲ್ಲ! ಎರಡು ಅಕ್ಷರಗಳಿಗೆ ಸಾಧ್ಯವಾಗದ್ದು ಮೂರಕ್ಕೆ ಸಾಧ್ಯವಾಯಿತು.

ಈ ಲೇಖನ ಕಾಲು ಶತಮಾನಕ್ಕೂ ಹೆಚ್ಚು ಕಾಲ ಯಾರ ಕಣ್ಣಿಗೂ ಬೀಳದಂತಿತ್ತು. ಅಮೆರಿಕದ ಮಾರ್ಸ್ಟನ್ ಮೋರ್ಸ್ ೧೯೨೧ರಲ್ಲಿ ಅದೇ ಸಾಲನ್ನು ಬೇರೆ ದಾರಿಯಿಂದ ಕಂಡ. ಮುಂದೆ ಚದುರಂಗದ ವಿಶ್ವವಿಜೇತನಾದ ಮ್ಯಾಕ್ಸ್ ಆಯ್ವೆ ೧೯೨೯ರಲ್ಲಿ ಮತ್ತೆ ಕಂಡ. ಒಂದೇ ನಡೆಗಳ ಸರಣಿ ಬೆನ್ನುಬೆನ್ನಿಗೆ ಮೂರು ಸಲ ಬಂದರೆ ಆಟ ಸಮ ಎಂಬ ಕಟ್ಟಳೆಯಿಟ್ಟರೂ ಚದುರಂಗವನ್ನು ಅನಂತವಾಗಿ ಆಡಬಹುದೆಂದು ತೋರಿಸಲು ಅವನಿಗೆ ಅದು ಬೇಕಾಗಿತ್ತು.

ಬೀಜಗಣಿತಕ್ಕೆ ಇದು ಕಾಲಿಟ್ಟದ್ದು ೧೯೪೪ರಲ್ಲಿ, ಮೋರ್ಸ್ ಮತ್ತು ಹೆಡ್ಲಂಡರ ಲೇಖನದಿಂದ. ಸೆಮಿಗ್ರೂಪ್ ಎಂಬ ವಸ್ತುವನ್ನು ಕನ್ನಡದಲ್ಲಿ ಬೇಕಾದರೆ ಅರೆಗುಂಪು ಎನ್ನೋಣ. ಕೆಲವು ಜನಕಗಳಿರುತ್ತವೆ, ಅವನ್ನು ಒಂದರ ಮುಂದೊಂದು ಜೋಡಿಸುತ್ತ ಹೋಗುವುದೇ ಗುಣಾಕಾರ, ಜೋಡಿಸಿದ್ದನ್ನು ಬಿಡಿಸುವ ಹಕ್ಕಿಲ್ಲ. ಲಘು ಗುರು ಎಂಬ ಎರಡು ಜನಕಗಳಿಂದ ಹುಟ್ಟಿದ, ಬೇರೆ ಯಾವ ಕಟ್ಟಳೆಯೂ ಇಲ್ಲದ ಅರೆಗುಂಪೇ ನಮ್ಮ ಛಂದಸ್ಸಿನ ಒಟ್ಟು ಪ್ರಪಂಚ. ಬ್ರಹ್ಮಗಣದ ನಾಲ್ಕು ರೂಪಗಳು ಅದರೊಳಗೇ ನಾಲ್ಕು ಸ್ವತಂತ್ರ ಜನಕಗಳ ಒಂದು ಮರಿ ಅರೆಗುಂಪನ್ನು ಹುಟ್ಟಿಸುತ್ತವೆ. ಒಡೆಯುವ ದಾರಿ ಒಂದೇ ಎಂದುದರ ಅರ್ಥ ಇದೇ. ಈಗ ಕಟ್ಟಳೆ ಹಾಕೋಣ: ಯಾವ ದ್ವಿರುಕ್ತಿ ಬಂದರೂ ಇಡೀ ಪದ ಸೊನ್ನೆ. ಹೀಗೆ ದಂಡಿಸಿದರೆ ಸಾಕಷ್ಟು ಉದ್ದವಾದ ಪದಗಳೆಲ್ಲ ಸೊನ್ನೆಯಾಗಿ ಹೋಗುತ್ತವೆಯೆ? ಎರಡು ಜನಕಗಳಾದರೆ ಹೌದು. ಮೂರಾದರೆ ಇಲ್ಲ; ತೂಎಯ ಸಾಲು ದಂಡನೆಯಿಂದ ನುಣುಚಿಕೊಂಡು ಅನಂತವಾಗಿ ಬದುಕುತ್ತದೆ.

ಕಟ್ಟಳೆಯನ್ನು ತುಸು ಸಡಿಲಿಸಿ, ದ್ವಿರುಕ್ತಿ ಬಂದರೆ ಸೊನ್ನೆಯಲ್ಲ, ಒಂದೇ ಸಲ ಬಂದಂತೆ, ಬೇಗಬೇಗ ಎಂದರೆ ಬೇಗ ಎಂದಷ್ಟೇ ಲೆಕ್ಕ, ಎಂದರೇನಾಗುತ್ತದೆ? ಸಡಿಲವಾದ ಕಟ್ಟಳೆಯಲ್ಲಿ ಹೆಚ್ಚು ಪದಗಳು ಉಳಿಯಬೇಕೆಂದು ಯಾರಿಗಾದರೂ ತೋರುವುದು ಸಹಜ. ನಡೆಯುವುದು ವಿಪರೀತ. ಗ್ರೀನ್ ಮತ್ತು ರೀಸ್ ೧೯೫೨ರಲ್ಲಿ ತೋರಿಸಿದಂತೆ, ಜನಕಗಳು ಎಷ್ಟಿದ್ದರೂ ಇಂಥ ಅರೆಗುಂಪು ಕೊನೆಯುಳ್ಳದ್ದೇ. ಎರಡು ಜನಕಗಳಿಗೆ ಆರು ಪದ, ಮೂರಕ್ಕೆ ೧೫೯, ನಾಲ್ಕಕ್ಕೆ ೩,೩೨,೩೮೦. ಗುಟ್ಟೇನೆಂದರೆ, ಇಲ್ಲಿ ಕುಗ್ಗಿಸುವ ಹಕ್ಕಿನೊಡನೆ ಹಿಗ್ಗಿಸುವ ಹಕ್ಕೂ ಬಂದಿದೆ. ಒಂದು ತುಣುಕನ್ನು ಇಮ್ಮಡಿಸಿ, ಬೇರೆ ಕಡೆಯಿಂದ ಕತ್ತರಿಸಬಹುದು. ತಲೆಯಲ್ಲೂ ಬಾಲದಲ್ಲೂ ಎಲ್ಲ ಜನಕಗಳೂ ಇದ್ದರೆ ನಡುವಿನದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕೆಲವರ ಭಾಷಣಗಳೂ ಹೀಗೆಯೇ.

ಇದೆಲ್ಲ ಕಾಗದದ ಮೇಲಿನ ವಿನೋದವೆಂದು ಬಹುಕಾಲ ಎಣಿಸಿದ್ದರು. ಹೊಸೂರು ರಸ್ತೆಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಎಂಬ ಹಳ್ಳಿಗಳ ೩೩೨ ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆ ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಹೂಡಿದಾಗ, ಅದರ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ಕನಸಿನಲ್ಲಿದ್ದುದು ವಿದ್ಯುನ್ಮಾನ ಕಾರ್ಖಾನೆಗಳು. ಇಂದು ಅಲ್ಲಿಯ ಬಯೋಟೆಕ್ ಪಾರ್ಕಿನಲ್ಲಿ ಐ.ಬಿ.ಎ.ಬಿ. ಎಂಬ ಜೈವಿಕ ಮಾಹಿತಿಯ ವಿದ್ಯಾಸಂಸ್ಥೆಯಿದೆ; ಮೊದಲು ಅದು ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿತ್ತು. ಅದರ ಆವರಣದಲ್ಲಿದ್ದ ಗಣಿತ್ ಲ್ಯಾಬ್ಸ್ ಎಂಬ ಪ್ರಯೋಗಾಲಯದವರು ೨೦೧೨ರಲ್ಲಿ ಬೇವಿನ ಮರದ ಜೀನೋಮಿನ ಕರಡು ಓದನ್ನು ಪ್ರಕಟಿಸಿದರು. ಯುಗಾದಿಯಂದು ನಾವು ಬೆಲ್ಲದೊಡನೆ ಮೆಲ್ಲುವ ಬೇವೇ ಅದು.

ಜೀನೋಮ್ ಎಂದರೆ ಎ, ಸಿ, ಜಿ, ಟಿ ಎಂಬ ನಾಲ್ಕಕ್ಷರಗಳ ಅತಿ ದೀರ್ಘವಾದ ಪದ. ಬ್ರಹ್ಮಗಣದ ನಾಲ್ಕು ರೂಪಗಳಿಗೆ ಈ ನಾಲ್ಕನ್ನು ಹಂಚಿದರೆ ಬೇವಿನ ಮರವನ್ನು ಲಘು-ಗುರುಗಳಲ್ಲೇ ಬರೆದು, ಅಕ್ಷರವೊಂದೂ ಕೆಡದಂತೆ ಮರಳಿ ಪಡೆಯಬಹುದು. ಹಾಡಿದವರು ಯಾರೂ ಇಲ್ಲ, ಅಷ್ಟೆ. ಆ ಪದವನ್ನು ಒಂದೇ ಉಸಿರಿನಲ್ಲಿ ಓದುವ ಯಂತ್ರ ಆಗ ಇರಲಿಲ್ಲ. ಕೋಟಿಗಟ್ಟಲೆ ಚೂರುಗಳಾಗಿ ಓದಿ, ಒಂದರ ಬಾಲ ಇನ್ನೊಂದರ ತಲೆಗೆ ಹೊಂದುವಂತೆ ಜೋಡಿಸಬೇಕು. ಯ-ಮಾ-ತಾ ಆದ ಮೇಲೆ ಮಾ-ತಾ-ರಾ ಬಂದ ಹಾಗೆಯೇ. ಪೆವ್ಸ್ನರ್, ಟ್ಯಾಂಗ್, ವಾಟರ್‌ಮನ್ ಎಂಬ ಮೂವರು ೨೦೦೧ರಲ್ಲಿ ಈ ಜೋಡಣೆಯನ್ನು ಆಯ್ಲರನ ಸೇತುವೆ ದಾಟುವ ಲೆಕ್ಕವಾಗಿ ಮಾಡಿ ತೋರಿಸಿದರು; ಚಿಕ್ಕ ಚೂರುಗಳನ್ನು ಜೋಡಿಸುವ ಕೆಲಸದಲ್ಲಿ ಡೆ ಬ್ರೂಯಿನನ ನಕ್ಷೆ ಎಲ್ಲೆಡೆ ಬಳಕೆಗೆ ಬಂತು.

ಮರುಕಳಿಕೆ ಶತ್ರುವಾಗುವುದು ಇಲ್ಲಿಯೇ. ಯಮಾತಾರಾಜದ ಎಂಟು ಗಣಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಸೂತ್ರವನ್ನೇ ಕಾಣದವನೊಬ್ಬನ ಕೈಗೆ ಕೊಟ್ಟು ಜೋಡಿಸಲು ಹೇಳಿ. ಅವನು ನಮ್ಮ ಸೂತ್ರವನ್ನೇ ಕಟ್ಟಬಹುದು. ಅದನ್ನು ಹಿಂದುಮುಂದಾಗಿ ಓದಿದ ಗಲಲಲಗಲಗಗಗಲ ಎಂಬುದನ್ನೂ ಕಟ್ಟಬಹುದು. ಎರಡರಲ್ಲೂ ಎಂಟು ಗಣಗಳು ಒಂದೊಂದೇ ಸಲ ಬರುತ್ತವೆ. ಚೀಟಿಗಳ ಸಾಕ್ಷ್ಯ ಎರಡಕ್ಕೂ ಒಂದೇ. ಮೂರಕ್ಷರದ ಗಣ ಮರುಕಳಿಸದಿದ್ದರೂ ಎರಡಕ್ಷರದ ಊರುಗಳು ಮರುಕಳಿಸುತ್ತವೆ, ಪ್ರತಿ ಊರಿನಲ್ಲೂ ದಾರಿ ಕವಲೊಡೆಯುತ್ತದೆ. ಚೀಟಿಗಿಂತ ಉದ್ದವಾದ ತುಣುಕೊಂದು ಜೀನೋಮಿನಲ್ಲಿ ಹತ್ತು ಕಡೆ ಬಂದಿದ್ದರೆ ಓದುವವನ ಪಾಡು ಹೇಳತೀರದು. ಮನುಷ್ಯನ ಜೀನೋಮಿನಲ್ಲಿ ಸುಮಾರು ಅರ್ಧದಷ್ಟು ಇಂಥ ಮರುಕಳಿಕೆಯೇ. ಬೇವು ಈ ವಿಷಯದಲ್ಲಿ ದಯೆ ತೋರಿತು. ಅದರಲ್ಲಿ ಮರುಕಳಿಸುವ ಭಾಗ ಕಡಮೆ, 'ಎ' ಮತ್ತು 'ಟಿ'ಗಳು ಹೆಚ್ಚು, ಜೀನ್‌ಗಳು ಸುಮಾರು ಇಪ್ಪತ್ತು ಸಾವಿರ ಎಂದು ಆ ಲೇಖನ ವರದಿ ಮಾಡಿತು.